ಹೆಗಲಿಗೆ ಹಾಕುವ ಸೂಜಿ ಎಷ್ಟು ಆಳ?

ನಮಸ್ಕಾರ. ಶಿರಸಿಯಿಂದ ಮಾತಾಡ್ತಾ ಇದ್ದೇನೆ. ಅಕ್ಯುಪಂಕ್ಚರ್ ನನ್ನ ವೃತ್ತಿ. ಇವತ್ತಿನ ಮಾತು ನನ್ನ ಜೊತೆಯವರಿಗೇ ಸ್ವಲ್ಪ ಖಾರ ಅನ್ನಿಸಬಹುದು, ಆದರೂ ಹೇಳ್ತೇನೆ. ಹೆಗಲಿಗೆ ನೆಟ್ಟಗೆ, ಆಳವಾಗಿ ಸೂಜಿ ಹಾಕುವುದನ್ನು ನಾವು ಬಿಡಬೇಕು. ನಮ್ಮ ಜಿಲ್ಲೆಯಲ್ಲಂತೂ ಬಿಡಲೇಬೇಕು.

ಕೊನೆಕೊಯ್ಲು ಶುರುವಾಯ್ತು ಅಂದರೆ ಬರುವವರದ್ದೆಲ್ಲ ಹೆಗಲು, ಕುತ್ತಿಗೆಯ ನೋವು. ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿವರೆಗೂ ಅಡಿಕೆ ಸುಲಿದ ಹೆಂಗಸರು. ಕಾರವಾರ, ಅಂಕೋಲಾ ಕಡೆ ಮೀನಿನ ಬುಟ್ಟಿ ಹೊತ್ತು ತಿರುಗುವ ಅಕ್ಕಂದಿರದ್ದೂ ಇದೇ ಪಾಡು. "ಇಲ್ಲೇ ಮಾರಾಯ್ರೇ, ಇಲ್ಲೇ ಹಾಕಿ" ಅಂತ ಬೆರಳಿಟ್ಟು ತೋರಿಸ್ತಾರೆ. ಕುತ್ತಿಗೆಯ ಬುಡಕ್ಕೂ ಹೆಗಲಿನ ತುದಿಗೂ ನಡುವೆ, ಗಟ್ಟಿ ಕಟ್ಟಿದ ಆ ಜಾಗ. ಸೂಜಿ ಹಾಕುವ ಬಿಂದುಗಳ ನಮ್ಮ ಲೆಕ್ಕದಲ್ಲಿ ಅದರ ಹೆಸರು ಜಿಬಿ 21.

ಅದರ ಕೆಳಗಿರುವುದು ಶ್ವಾಸಕೋಶದ ತುದಿ. ಅದು ಕಾಲರ್ ಬೋನ್‌ಗಿಂತ ಎರಡು ಮೂರು ಸೆಂಟಿಮೀಟರ್ ಮೇಲಕ್ಕೇ ಚಾಚಿಕೊಂಡಿರುತ್ತದೆ. ಇನ್ನು ತೆಳ್ಳಗಿನ ಮೈಯವರ ಬೆನ್ನಿನಲ್ಲಿ, ಬೆನ್ನುಮೂಳೆಯ ಪಕ್ಕದಲ್ಲಿ, ಚರ್ಮದಿಂದ ಶ್ವಾಸಕೋಶದ ಪೊರೆಗೆ ಕೆಲವೊಮ್ಮೆ 1ರಿಂದ 2 ಸೆಂಟಿಮೀಟರ್ ಅಂತರ ಅಷ್ಟೇ. ನಮ್ಮ ಟೇಬಲ್ ಮೇಲೆ ದಿನಾ ಇರುವ ಸೂಜಿಯ ಉದ್ದ 4 ಸೆಂಟಿಮೀಟರ್. ದುಡಿದು ಬಡಕಲಾದ ಮೈಗೆ ಅದನ್ನು ಬುಡದವರೆಗೆ ಇಳಿಸಿದರೆ ಪೊರೆ ತೂತಾಗಿ, ಶ್ವಾಸಕೋಶದ ಸುತ್ತ ಗಾಳಿ ತುಂಬಿ, ಅದು ಕುಸಿಯಬಹುದು. ಇದೇ ನ್ಯೂಮೋಥೊರಾಕ್ಸ್. ಅಪರೂಪ, ನಿಜ. ಆದರೆ ಅಕ್ಯುಪಂಕ್ಚರ್‌ನ ಗಂಭೀರ ತೊಂದರೆಗಳಲ್ಲಿ ಹೆಚ್ಚು ವರದಿಯಾಗಿರುವುದು ಇದೇ.

ಇದರ ಲಕ್ಷಣ ಸೂಜಿ ಹಾಕಿದ ಕೂಡಲೇ ಕಾಣಬೇಕು ಅಂತಿಲ್ಲ. ಗಂಟೆಗಟ್ಟಲೆ ತಡವಾಗಿ ಎದೆ ಚುಚ್ಚಬಹುದು, ಒಣಕೆಮ್ಮು ಬರಬಹುದು, ಉಸಿರು ಕಟ್ಟಬಹುದು. ಅಷ್ಟೊತ್ತಿಗೆ ಆಕೆ ದೇವಿಮನೆ ಘಟ್ಟ ಇಳಿದಿರ್ತಾರೆ, ಇಲ್ಲವೇ ಜೋಯಿಡಾದ ಯಾವುದೋ ಒಂಟಿಮನೆಯಲ್ಲಿ ಇರ್ತಾರೆ. ದೊಡ್ಡ ಆಸ್ಪತ್ರೆ ಅಂದರೆ ಹುಬ್ಬಳ್ಳಿ, ಮಣಿಪಾಲ, ಗೋವಾ ಅಂತ ಓಡುವ ಜಿಲ್ಲೆ ನಮ್ಮದು. ಪೇಟೆಯಲ್ಲಿ ಕೂತು ಚಿಕಿತ್ಸೆ ಮಾಡುವವರಿಗಿಂತ ನಮ್ಮ ಕೈ ಹೆಚ್ಚು ಹಗುರವಾಗಿರಬೇಕು.

ಹಾಗಾದರೆ ಹೇಗೆ ಹಾಕುವುದು? ಹೆಬ್ಬೆರಳು, ತೋರುಬೆರಳಿನಿಂದ ಹೆಗಲಿನ ಸ್ನಾಯುವನ್ನು ಹಿಡಿದು ಮೇಲಕ್ಕೆ ಎತ್ತಿ. ಎತ್ತಿದ ಆ ಮಾಂಸದೊಳಗೆ ಮಾತ್ರ ಅಡ್ಡಲಾಗಿ ಸೂಜಿ ಹೋಗಲಿ, ಮೊನೆ ಎದೆಯ ಕಡೆ ತಿರುಗದಿರಲಿ. ಸಣ್ಣ ಸೂಜಿ ತೆಗೆದುಕೊಳ್ಳಿ. ಎದೆ, ಬೆನ್ನಿನ ಬಿಂದುಗಳಿಗೆ ಓರೆಯಾಗಿ ಇಲ್ಲವೇ ಅಡ್ಡಲಾಗಿ ಹಾಕಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿಯೇ ಹೇಳುತ್ತದೆ. ಜುಮ್ಮೆನ್ನಲೇಬೇಕು ಅಂತ ಆ ಜಾಗದಲ್ಲಿ ಸೂಜಿ ಒತ್ತುತ್ತಾ ಹೋಗುವ ಹಟವನ್ನು ನಾನು ಒಪ್ಪುವುದಿಲ್ಲ. ಹೆಗಲು ನೋವಿಗೆ ಮೊಣಕಾಲಿನ ಕೆಳಗೆ ಎಸ್‌ಟಿ 38 ಅನ್ನುವ ಬಿಂದು ಇದೆಯಲ್ಲ, ಅಲ್ಲಿಂದ ಶುರು ಮಾಡೋಣ.

ಸೂಜಿ ಹೊಸದೇ ಇರಬೇಕು ಅನ್ನುವುದು ಚರ್ಚೆಯ ವಿಷಯವೇ ಅಲ್ಲ. ಹಳೆ ಸೂಜಿಯಿಂದ ಹೆಪಟೈಟಿಸ್ ಬಿ ಹರಡಿದ ಉದಾಹರಣೆಗಳಿವೆ. ಸೂಜಿ ಹಾಕಿಸಿಕೊಳ್ಳುವವರೇ, ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಲಿ, ಬಳಸಿದ್ದು ಗಟ್ಟಿ ಡಬ್ಬಿಗೆ ಬೀಳಲಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಾ ಇದ್ದರೆ, ಬಸುರಿ ಇದ್ದರೆ ಮೊದಲೇ ಹೇಳಿಬಿಡಿ. ಇಷ್ಟು ಕೇಳಿದ್ದಕ್ಕೆ ಯಾರಾದರೂ ಸಿಟ್ಟಾದರೆ ಎದ್ದು ಬನ್ನಿ.

ಕೊನೆಗೆ ಉಚಿತ ಶಿಬಿರ ಮಾಡಿಸುವ ಸಂಘಗಳವರಿಗೆ ಒಂದು ಮಾತು. ಸಭಾಭವನದಲ್ಲಿ ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಇಟ್ಟು, ಬೆಳಗಿನ ತಿಂಡಿಯೂ ಇಲ್ಲದೆ ಸರತಿಯಲ್ಲಿ ಕಾದವರಿಗೆ ಸೂಜಿ ಹಾಕಿಸ್ತೀರಿ. ತಲೆ ತಿರುಗಿ ಬೀಳುವುದು ಹೀಗೆಯೇ. ಹೆಗಲಲ್ಲಿ ಸೂಜಿ ಇರುವಾಗ ಬಿದ್ದರೆ ಅದು ಎತ್ತ ತಿರುಗುತ್ತದೋ ಯಾರಿಗೆ ಗೊತ್ತು? ಮೊದಲು ತಿಂಡಿ ಕೊಡಿ, ಚಾಪೆಯಾದರೂ ಸರಿ, ಮಲಗಿಸಿ. ಹೊರಡುವಾಗ ಒಂದು ಫೋನ್ ನಂಬರ್ ಬರೆದು ಕೈಗೆ ಕೊಡಿ. ಉಸಿರಾಟಕ್ಕೆ ತೊಂದರೆಯಾದರೆ ಕಾಯದೆ 108ಕ್ಕೆ ಕರೆ ಮಾಡಿ, ಸೂಜಿ ಹಾಕಿಸಿಕೊಂಡ ವಿಷಯ ಡಾಕ್ಟರಿಗೆ ಹೇಳಿ ಅಂತ ಅದೇ ಚೀಟಿಯಲ್ಲಿ ಬರೆಯಿರಿ.