ಮಗು ಧಾರವಾಡದಲ್ಲಿ, ಅಪ್ಪ ವಡಾಲದಲ್ಲಿ: ಕಸ್ಟಡಿ ಕೇಸ್ ಯಾವ ಕೋರ್ಟಿಗೆ?

(ತೆರೆಯ ಮೇಲೆ: ಮುಂಬೈ ಮತ್ತು ಧಾರವಾಡ ತೋರಿಸುವ ನಕ್ಷೆ)

ನಮಸ್ಕಾರ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಂಡ ಹೆಂಡತಿ ಇಬ್ಬರೂ ನಮ್ಮ ಕಡೆಯವರು, ಸಂಸಾರ ಮುಂಬೈನ ವಡಾಲದಲ್ಲಿ. ಏಳು ವರ್ಷದ ಮಗಳು ಅಲ್ಲೇ ಶಾಲೆಗೆ ಹೋಗುತ್ತಾಳೆ. ಮೇ ರಜೆಗೆ ತಾಯಿ ಮಗಳನ್ನು ಕರೆದುಕೊಂಡು ಧಾರವಾಡದ ತವರಿಗೆ ಹೋದರು. ಜೂನ್ ಬಂತು, ಅವರು ಬರಲಿಲ್ಲ. ಈಗ ಕಸ್ಟಡಿ ಕೇಸ್ ಎಲ್ಲಿ? ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಫ್ಯಾಮಿಲಿ ಕೋರ್ಟಿನಲ್ಲೋ, ಧಾರವಾಡದಲ್ಲೋ?

ಮದುವೆ ಯಾವ ಊರಲ್ಲಾಯಿತು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 9ನೇ ಸೆಕ್ಷನ್ ಕೇಳೋದು ಒಂದೇ: ಮಗು ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತದೆ? ಕಾಯ್ದೆ 1890ರದ್ದು. ಹೌದು, ಇವತ್ತಿಗೂ ಅದೇ ನಡೆಯುತ್ತಿದೆ.

(ತೆರೆಯ ಮೇಲೆ: ಶಾಲೆಯ ದಾಖಲಾತಿ, ಲಸಿಕೆ ಕಾರ್ಡು)

ರಜೆಗೆ ಹೋದ ಮಾತ್ರಕ್ಕೆ ಅಜ್ಜಿ ಊರು ಮಗುವಿನ ವಾಸದ ಊರಾಗುವುದಿಲ್ಲ. ಹಾಗಾಗಿ ಜೂನ್‌ನಲ್ಲೇ ಕೇಸ್ ಹಾಕಿದರೆ ಮುಂಬೈ ಪರ ವಾದ ಗಟ್ಟಿ. ಅಪ್ಪ ‘ಸಿಟ್ಟಿಳಿದ ಮೇಲೆ ಬರ್ತಾಳೆ ಬಿಡು’ ಅಂತ ಸುಮ್ನೆ ಕೂತರು, ಮಗಳು ಧಾರವಾಡದ ಶಾಲೆಗೆ ಸೇರಿ ವರ್ಷ ಕಳೆಯಿತು ಅನ್ನಿ, ಆಗ ವಾದ ಆ ಕಡೆ ವಾಲುತ್ತದೆ. ಅಮೆರಿಕದಲ್ಲಿ ಹೆಚ್ಚಿನ ರಾಜ್ಯಗಳು ಕೇಸಿಗೆ ಮುಂಚಿನ ಆರು ತಿಂಗಳು ಮಗು ಎಲ್ಲಿತ್ತು ಅಂತ ನೋಡುತ್ತವೆ. ನಮ್ಮಲ್ಲಿ ಅಂಥ ಗಡುವು ಇಲ್ಲ. ವಾಸ ಎಲ್ಲಿ ಅನ್ನೋದನ್ನು ಆಯಾ ಕೇಸಿನ ಸಂಗತಿ, ಉದ್ದೇಶ ನೋಡಿಯೇ ತೀರ್ಮಾನಿಸಬೇಕು ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ.

ಜಾಸ್ತಿ ಗೊಂದಲ ಆಗೋದು ಡಿವೋರ್ಸ್ ವಿಷಯ ಬಂದಾಗ. ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ಆದ ತಿದ್ದುಪಡಿ ಪ್ರಕಾರ ಹೆಂಡತಿ ತಾನು ಈಗ ಇರುವ ಊರಲ್ಲೇ ಡಿವೋರ್ಸ್ ಅರ್ಜಿ ಹಾಕಬಹುದು. ಆ ಕೇಸ್ ನಡೆಯುವಾಗ ಮಗುವಿನ ಬಗ್ಗೆಯೂ ಆದೇಶ ಕೊಡಲು 26ನೇ ಸೆಕ್ಷನ್ ಅದೇ ಕೋರ್ಟಿಗೆ ಅಧಿಕಾರ ಕೊಟ್ಟಿದೆ. ಅಲ್ಲಿಗೆ ಅಪ್ಪನ ಕೇಸ್ ಮುಂಬೈನಲ್ಲಿ, ಅಮ್ಮನದ್ದು ಧಾರವಾಡದಲ್ಲಿ!

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು ಅನ್ನುವ ನಿಯಮ ಇದೆಯಲ್ವಾ ಅಂತ ಕೇಳ್ತೀರಿ. ಇದೆ. ಆದರೆ ಅದು ಮಗು ಯಾರ ಹತ್ತಿರ ಇರಬೇಕು ಅನ್ನುವುದಕ್ಕೆ. ಯಾವ ಕೋರ್ಟು ಅನ್ನುವ ಪ್ರಶ್ನೆಯೇ ಬೇರೆ.

ಎರಡು ರಾಜ್ಯಗಳ ಕೇಸನ್ನು ಒಂದೇ ಕಡೆ ತರಬೇಕಾದರೆ ಸುಪ್ರೀಂ ಕೋರ್ಟಿಗೇ ಟ್ರಾನ್ಸ್‌ಫರ್ ಅರ್ಜಿ ಹಾಕಬೇಕು, ಸಿವಿಲ್ ಪ್ರೊಸೀಜರ್ ಕೋಡಿನ 25ನೇ ಸೆಕ್ಷನ್ ಅಡಿ. ಒಬ್ಬರು ಮುಂಬೈ, ಇನ್ನೊಬ್ಬರು ಪುಣೆ ಆಗಿದ್ದರೆ ಬಾಂಬೆ ಹೈಕೋರ್ಟಿನಲ್ಲೇ ಕೆಲಸ ಆಗುತ್ತಿತ್ತು.