ಅಜ್ಜನ ಚಿನ್ನದ ವಾಚು: ತಕ್ಕಡಿಗೆ ಕೊನೆಯ ಸರದಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಾಸರಗೋಡಿನ ಕಡೆ ಮನೆ ಪಾಲಾಗುವಾಗ ಕಬ್ಬಿಣದ ಪೆಟ್ಟಿಗೆಯ ತಳದಿಂದ ಸರ, ಬಳೆ, ಉಂಗುರಗಳ ಜೊತೆ ಒಂದು ಕೈಗಡಿಯಾರವೂ ಹೊರಬರುವುದುಂಟು. ಅಜ್ಜ ಮುಂಬಯಿಯಲ್ಲಿ ಕೊಂಡದ್ದಿರಬಹುದು, ಮಾವ ಗಲ್ಫಿನಿಂದ ತಂದದ್ದಿರಬಹುದು. ಬೆಲ್ಟು ಹರಿದಿದೆ, ಗ್ಲಾಸು ಮಬ್ಬಾಗಿದೆ, ಕೀ ಕೊಟ್ಟರೆ ನಡೆಯುವುದಿಲ್ಲ. ಆದರೆ ಬಣ್ಣ ಹಳದಿ. ಆಗ ಹೆಚ್ಚಿನವರು ನೇರ ಚಿನ್ನದ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಹಿಂದಿನ ಮುಚ್ಚಳ ಎಬ್ಬಿಸಿ, ಮೆಷಿನ್ ಕಿತ್ತು, ಬಾಡಿಯನ್ನು, ಅಂದರೆ ಹೊರಗಿನ ಲೋಹದ ಕವಚವನ್ನು, ತೂಗಿ ದುಡ್ಡು ಕೊಡುತ್ತಾರೆ. ಬಾಡಿ ಮೂಸೆಗೆ ಹೋಗುತ್ತದೆ, ಮೆಷಿನ್ ಮತ್ತು ಡಯಲ್ ಯಾವುದೋ ಡಬ್ಬಿಗೆ. ಕರಗಿದ ಬಾಡಿಯನ್ನು ಮತ್ತೆ ವಾಚು ಮಾಡಲು ಯಾರಿಂದಲೂ ಆಗದು. ಆದ್ದರಿಂದ ಈ ಹೊತ್ತು ಹೇಳಬೇಕಾದ ಮಾತು ಒಂದೇ: ವಾಚಿನ ಬೆಲೆ ಕಟ್ಟುವಾಗ ತಕ್ಕಡಿಯ ಸರದಿ ಕೊನೆಗೆ ಬರಬೇಕು.

ಮೊದಲು ಕಣ್ಣಿನ ಕೆಲಸ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಸಾಕು. ಬೆಲ್ಟು ಹಿಡಿದುಕೊಳ್ಳುವ ನಾಲ್ಕು ಕಾಲುಗಳಿಗೆ ರಿಪೇರಿಯವರು ಲಗ್ ಅನ್ನುತ್ತಾರೆ. ಅವುಗಳ ಹಿಂಬದಿ ಮತ್ತು ಮುಚ್ಚಳದ ಒಳಮೈ, ಈ ಎರಡು ಕಡೆ ಮುದ್ರೆ ಹುಡುಕಬೇಕು. 750 ಅಥವಾ 0.750 ಅಂತ ಇದ್ದರೆ 18 ಕ್ಯಾರೆಟ್, 585 ಇದ್ದರೆ 14, 375 ಇದ್ದರೆ 9 ಕ್ಯಾರೆಟ್. ಹಳೆಯ ಸ್ವಿಸ್ ವಾಚಿನಲ್ಲಿ ಅಂಕಿಯ ಪಕ್ಕ ಸಾಸಿವೆ ಕಾಳಿನಷ್ಟು ಚಿಕ್ಕ ಚಿತ್ರವೂ ಇರುತ್ತದೆ. ಹೆಂಗಸಿನ ತಲೆಯ ಪಾರ್ಶ್ವ ಕಂಡರೆ 18 ಕ್ಯಾರೆಟ್, ಅಳಿಲು ಕಂಡರೆ 14. ಸ್ವಿಟ್ಜರ್ಲೆಂಡಿನಲ್ಲಿ 1880ರ ದಶಕದಿಂದ ಈ ಮುದ್ರೆಗಳು ನಡೆದುಬಂದವು. 1995ರಲ್ಲಿ ಅವುಗಳ ಜಾಗಕ್ಕೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ ಬಂತು. ಹಾಗಾಗಿ 1950ರದ್ದು ಎಂದು ತೋರಿಸುವ ವಾಚಿನಲ್ಲಿ ನಾಯಿಯ ತಲೆ ಕಂಡರೆ ಬಾಡಿ ಆ ಕಾಲದ್ದಲ್ಲ ಎಂದು ಅಲ್ಲೇ ಸಂಶಯಪಡಬೇಕು.

ನಮ್ಮಲ್ಲಿ ಆಭರಣಕ್ಕೆ 916ರ, ಅಂದರೆ 22 ಕ್ಯಾರೆಟ್ಟಿನ, ಹಾಲ್‌ಮಾರ್ಕ್ ನೋಡಿ ರೂಢಿ. ವಾಚಿನಲ್ಲಿ ಅದಿಲ್ಲ, ಆದ್ದರಿಂದ ಚಿನ್ನವಲ್ಲ ಎಂದು ತಳ್ಳಿಬಿಡುವವರಿದ್ದಾರೆ. ಅದು ತಪ್ಪು. 2021ರ ಜೂನ್‌ನಲ್ಲಿ ಜಾರಿಗೆ ಬಂದ ಕಡ್ಡಾಯ ಹಾಲ್‌ಮಾರ್ಕ್ ನಿಯಮದಿಂದ ಚಿನ್ನದ ವಾಚುಗಳಿಗೆ ವಿನಾಯಿತಿ ಉಂಟು. ಅಲ್ಲದೆ 22 ಕ್ಯಾರೆಟ್ ಚಿನ್ನ ಮೆತ್ತಗೆ, ದಿನಾ ಕೈಗೆ ಕಟ್ಟುವ ವಾಚಿನ ಬಾಡಿಗೆ ಅದು ತಾಳದು. ಹಳೆಯ ವಾಚು ಹೆಚ್ಚಾಗಿ 18 ಇಲ್ಲವೇ ಅದಕ್ಕೂ ಕಡಿಮೆ.

ಇನ್ನು ಬಣ್ಣ ಮಾತ್ರ ಚಿನ್ನದ್ದಾದ ವಾಚುಗಳು. ಮುಚ್ಚಳದ ಮೇಲೆ ‘ಸ್ಟೇನ್‌ಲೆಸ್ ಸ್ಟೀಲ್ ಬ್ಯಾಕ್’ ಎಂದಿದ್ದರೆ ಮೇಲಿನ ಬಾಡಿ ಬಹುಮಟ್ಟಿಗೆ ಹಿತ್ತಾಳೆಗೆ ಚಿನ್ನದ ನೀರು ಕೊಟ್ಟದ್ದು. ‘ರೋಲ್ಡ್ ಗೋಲ್ಡ್’, ‘ಗೋಲ್ಡ್ ಫಿಲ್ಡ್’, ‘20 ಮೈಕ್ರಾನ್’, ‘ಪ್ಲಾಕೆ’ ಇವೆಲ್ಲ ಹೇಳುವುದು ಮೇಲ್ಪದರದ ಮಾತು. 20 ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲು. ‘ಇಪ್ಪತ್ತು ವರ್ಷ ಗ್ಯಾರಂಟಿ’ ಎಂದು ಕೊರೆದಿದ್ದರೆ ಅದೂ ಪದರವೇ. ಗಟ್ಟಿ ಚಿನ್ನಕ್ಕೆ ಸವೆತದ ಗ್ಯಾರಂಟಿ ಬೇಕಾಗುವುದಿಲ್ಲ. ಗಲ್ಫಿನಿಂದ ಬಂದ ಹಳದಿ ರಾಡೋ, ಸೈಕೋ, ಸಿಟಿಜನ್ ವಾಚುಗಳಲ್ಲಿ ಹೆಚ್ಚಿನವು ಈ ಜಾತಿಯವು. 1961ರಿಂದ ಬೆಂಗಳೂರಿನಲ್ಲಿ ತಯಾರಾದ ಎಚ್.ಎಂ.ಟಿ.ಯ ಹಳದಿ ವಾಚುಗಳೂ ಸಾಮಾನ್ಯವಾಗಿ ಹಾಗೆಯೇ. ಅವುಗಳನ್ನು ಪ್ರೀತಿಯಿಂದ ಸಂಗ್ರಹಿಸುವವರಿದ್ದಾರೆ, ಬೆಲೆಯೂ ಉಂಟು. ಆದರೆ ಆ ಬೆಲೆ ಚಿನ್ನದ್ದಲ್ಲ. ಪದರ ಎಲ್ಲಿ ಮೊದಲು ಸವೆಯುತ್ತದೆ ಎಂದರೆ ಲಗ್‌ಗಳ ತುದಿಯಲ್ಲಿ ಮತ್ತು ಕೀ ಕೊಡುವ ತಿರುಪಿನ ಹತ್ತಿರ, ಬೆರಳು ತಾಗುವಲ್ಲಿ. ಅಲ್ಲಿ ಬಿಳಿಯೋ ಕೆಂಪೋ ಇಣುಕಿದರೆ ಇನ್ನೊಂದು ಪರೀಕ್ಷೆ ಬೇಕಿಲ್ಲ.

ಮುದ್ರೆ ಅಳಿಸಿಹೋಗಿದ್ದರೆ ಏನು ಮಾಡುವುದು? ಅಂಗಡಿಯ ಎಕ್ಸ್‌ರೇ ಕ್ಯಾರೆಟ್ ಮೆಷಿನ್ ನೋಡುವುದು ಮೇಲ್ಮೈಯನ್ನು ಮಾತ್ರ. ದಪ್ಪ ಪದರದ ಗೋಲ್ಡ್ ಫಿಲ್ಡ್ ಬಾಡಿ ಇಟ್ಟರೆ ಅದು ಪದರದ ಕ್ಯಾರೆಟ್ಟನ್ನೇ ಇಡೀ ಬಾಡಿಯ ಕ್ಯಾರೆಟ್ ಎಂದು ತೋರಿಸಬಹುದು. ಒರೆಗಲ್ಲಿನ ಮಿತಿಯೂ ಅದೇ, ಜೊತೆಗೆ ಲಗ್ ಮೇಲೆ ಗೀರು ಉಳಿಯುತ್ತದೆ. ಇವೆರಡಕ್ಕಿಂತ ನಂಬಿಕೆಯದ್ದು ನೀರಿನ ಪರೀಕ್ಷೆ. ರಿಪೇರಿಯವರಿಂದ ಮೆಷಿನ್, ಡಯಲ್, ಗ್ಲಾಸು, ಒಳಗಿನ ಉಂಗುರ, ರಬ್ಬರ್ ಎಲ್ಲ ತೆಗೆಸಿ ಬರಿಯ ಬಾಡಿಯನ್ನು ಒಣಗಿದ್ದಾಗ ತೂಗಿ. 11 ಗ್ರಾಂ ಬಂತು ಎನ್ನಿ. ಬಳಿಕ 0.01 ಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ಬಾಡಿಗೆ ಸಪುರ ನೂಲು ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವಂತೆ ಕೈಯಲ್ಲಿ ಹಿಡಿಯಿರಿ. ತಳಕ್ಕೂ ಬದಿಗೂ ತಾಗಬಾರದು, ಗಾಳಿಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ತೋರಿಸುವ ಅಂಕಿಯಿಂದ 11ನ್ನು ಭಾಗಿಸಬೇಕು. ಸುಮಾರು 0.71 ತೋರಿಸಿದರೆ ಉತ್ತರ 15.5, ಅದು 18 ಕ್ಯಾರೆಟ್ಟಿನ ಸಾಂದ್ರತೆ. 0.83 ತೋರಿಸಿದರೆ 13ರ ಮೇಲೆ ಸ್ವಲ್ಪ, ಅದು 14 ಕ್ಯಾರೆಟ್. 1.28 ತೋರಿಸಿದರೆ ಉತ್ತರ 8.6, ಅದು ಹಿತ್ತಾಳೆ. ಮೆಷಿನ್ ಒಳಗಿದ್ದಾಗ ಈ ಪರೀಕ್ಷೆ ಖಂಡಿತ ಮಾಡಬಾರದು. ಲೆಕ್ಕವೂ ಬಾರದು, ವಾಚೂ ಹಾಳು.

ಈಗ ಚಿನ್ನದ ಲೆಕ್ಕ. ಪಾಲಿನ ಪಂಚಾತಿಕೆಯಲ್ಲಿ ಹೆಚ್ಚು ತಪ್ಪುವುದು ಇಲ್ಲಿಯೇ. ಬೆಲ್ಟು ಸಹಿತ 35 ಗ್ರಾಂ ತೂಗಿದ ವಾಚನ್ನು ನಾಲ್ಕು ಪವನಿಗೂ (ಒಂದು ಪವನ್ ಅಂದರೆ 8 ಗ್ರಾಂ) ಮೇಲೆ ಎಂದು ಬರೆದುಬಿಡುತ್ತಾರೆ. ಅದರಲ್ಲಿ ಬೆಲ್ಟು 10, ಮೆಷಿನ್, ಡಯಲ್, ಗ್ಲಾಸು ಸೇರಿ 14 ಹೋದರೆ ಬಾಡಿ 11 ಗ್ರಾಂ. ಅದು 18 ಕ್ಯಾರೆಟ್ ಆದ್ದರಿಂದ ಶುದ್ಧ ಚಿನ್ನ ಎಂಟೂಕಾಲು ಗ್ರಾಂ. ನಮ್ಮ 916ರ ಲೆಕ್ಕಕ್ಕೆ ತಂದರೆ 9 ಗ್ರಾಂ, ಅಂದರೆ ಒಂದು ಪವನ್ ಮೇಲೆ ಒಂದು ಗ್ರಾಂ. ನಾಲ್ಕು ಪವನ್ ಎಂದು ನಂಬಿ ವಾಚನ್ನು ತನ್ನ ಪಾಲಿಗೆ ಇಟ್ಟುಕೊಂಡವರಿಗೆ ಅದೆಷ್ಟು ನಷ್ಟ ಎಂಬುದನ್ನು ನೀವೇ ಲೆಕ್ಕ ಹಾಕಿ. 1940, 50ರ ಕಾಲದಲ್ಲಿ ‘ಕ್ರೊನೊಗ್ರಾಫ್ ಸ್ವಿಸ್’ ಎಂಬ ಹೆಸರಿನ, ಬದಿಯಲ್ಲಿ ಎರಡು ಗುಂಡಿಗಳಿರುವ ದೊಡ್ಡ ವಾಚುಗಳು ಬಂದವು. ನೋಡಲು ಭಾರೀ, ಮುದ್ರೆಯೂ ನಿಜವಾದ 18 ಕ್ಯಾರೆಟ್ಟೇ. ಆದರೆ ಚಿನ್ನವನ್ನು ತೆಳ್ಳಗಿನ ತಗಡಾಗಿ ಒತ್ತಿ ಮಾಡಿರುವುದು, ಒಳಮುಚ್ಚಳ ಬೇರೆ ಲೋಹ. ಹೆಬ್ಬೆರಳಿನಿಂದ ಒತ್ತಿದರೆ ಮುಚ್ಚಳ ತಗ್ಗುತ್ತದೆ.

ಇಲ್ಲಿಗೆ ಬಾಡಿಯ ಮಾತು ಮುಗಿಯಿತು. ನಿಜವಾದ ಬೆಲೆ ಅಡಗಿರುವುದು ಹಲವು ಸಲ ಮೆಷಿನ್ ಮತ್ತು ಡಯಲ್ಲಿನಲ್ಲಿ.

ಮುಚ್ಚಳವನ್ನು ಮನೆಯಲ್ಲಿ ಚೂರಿಯಿಂದ ಎಬ್ಬಿಸಬೇಡಿ. ಒತ್ತಿ ಕೂರಿಸಿದ ಮುಚ್ಚಳಕ್ಕೆ ಸಣ್ಣ ನಾಲಗೆ ಇರುತ್ತದೆ, ತಿರುಪಿನ ಮುಚ್ಚಳಕ್ಕೆ ಬೇರೆಯೇ ಸಲಕರಣೆ. ಕೆಲವಕ್ಕೆ ಹಿಂದೆ ಮುಚ್ಚಳವೇ ಇಲ್ಲ, ಗ್ಲಾಸಿನ ಕಡೆಯಿಂದ ತೆಗೆಯಬೇಕು. ಚೂರಿ ಜಾರಿದರೆ ಮೊದಲು ತಾಗುವುದು ಬ್ಯಾಲೆನ್ಸ್ ವೀಲಿಗೆ, ಅಂದರೆ ಅತ್ತಿತ್ತ ತೂಗಾಡಿ ವಾಚಿನ ನಡೆ ಹಿಡಿಯುವ ಚಕ್ರಕ್ಕೆ. ರಿಪೇರಿಯವರು ತೆರೆದಾಗ ಪಕ್ಕದಲ್ಲಿ ನಿಂತು ಮೂರು ಕಡೆಯ ಫೋಟೋ ತೆಗೆಯಿರಿ: ಮುಚ್ಚಳದ ಒಳಮೈ, ಇಡೀ ಮೆಷಿನ್, ಮೆಷಿನ್ ಮೇಲಿನ ಹೆಸರು ಮತ್ತು ನಂಬರ್. ಮುಚ್ಚಳದಲ್ಲಿ, ಡಯಲ್ಲಿನಲ್ಲಿ, ಮೆಷಿನ್‌ನಲ್ಲಿ ಮೂರು ಕಡೆಯೂ ಒಂದೇ ಕಂಪೆನಿಯ ಹೆಸರಿರುವುದು ಒಳ್ಳೆಯದು. ಇಂಗ್ಲೆಂಡಿಗೆ ಹೋದ ವಾಚುಗಳಲ್ಲಿ ಮಾತ್ರ ಬಾಡಿ ಬರ್ಮಿಂಗ್‌ಹ್ಯಾಮಿನ ಡೆನಿಸನ್ ಕಂಪೆನಿಯದು, ಮೆಷಿನ್ ಒಮೆಗಾದ್ದು ಎಂಬಂಥ ಜೋಡಿ ಸಹಜ, ಅದು ದೋಷವಲ್ಲ. ಒಮೆಗಾದ ನಂಬರ್ ಮೆಷಿನ್ ಮೇಲಿರುತ್ತದೆ. ಅದು ಎಂಟು ಅಂಕಿಯದಾದರೆ ವಾಚು ಸುಮಾರು 1944ರಿಂದ ಈಚಿನದು. ಹಳೆಯ ರೋಲೆಕ್ಸ್‌ನಲ್ಲಿ ನಂಬರ್ ಹೆಚ್ಚಾಗಿ ಲಗ್‌ಗಳ ನಡುವೆ, ಬೆಲ್ಟು ಬಿಚ್ಚಿದರೆ ಮಾತ್ರ ಕಾಣುವಲ್ಲಿ.

ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚಿದಂತಹ ಸಣ್ಣ ಅಕ್ಷರ, ತಾರೀಕು ಕಾಣಿಸಿದರೆ ಒರೆಸಿ ತೆಗೆಸಬೇಡಿ. ಅವು ಹಿಂದಿನ ರಿಪೇರಿಯವರ ಗುರುತುಗಳು. ಎಷ್ಟು ಸಲ, ಯಾವ ವರ್ಷ ಸರ್ವಿಸ್ ಆಗಿದೆ ಎಂಬ ಚರಿತ್ರೆ ಅಲ್ಲೇ ಉಂಟು.

ಮೆಷಿನ್ ಹಳದಿಯಾಗಿ ಹೊಳೆದರೂ ಅದು ಹಿತ್ತಾಳೆಗೆ ಕೊಟ್ಟ ಗಿಲೀಟು. ‘17 ಜ್ಯುವೆಲ್’ ಎಂದರೆ ಹದಿನೇಳು ಕೆಂಪು ಕಲ್ಲು ಹೌದು, ಆದರೆ ಚಕ್ರದ ಸೂಜಿಮೊನೆ ಸವೆಯದಿರಲು ಇಟ್ಟ ಕೃತಕ ಮಾಣಿಕ್ಯ. ಮಾರಿದರೆ ಬೆಲೆ ಇಲ್ಲ. ನಡೆಯುತ್ತದೆಯೇ ನೋಡಲು ಹತ್ತು ಸುತ್ತು ಕೀ ಕೊಟ್ಟರೆ ಸಾಕು. ‘ಕೀ ಜಾಸ್ತಿಯಾಗಿ ನಿಂತಿದೆ’ ಎನ್ನುವುದು ವಾಡಿಕೆಯ ಮಾತು; ನಿಂತಿರುವುದು ಸಾಮಾನ್ಯವಾಗಿ ಎಣ್ಣೆ ಒಣಗಿ ಅಂಟಾದ್ದರಿಂದ. ಅಂಥ ವಾಚನ್ನು ಅಲ್ಲಾಡಿಸಿ ನಡೆಸಿದರೆ ಒಣ ಕಲ್ಲಿನಲ್ಲಿ ಉಕ್ಕಿನ ಮೊನೆ ತಿರುಗಿ ಸವೆಯುತ್ತದೆ. ಟಿಕ್ ಟಿಕ್ ಸದ್ದು ಕೇಳಿ ವಾಚಿನ ನಡೆ ಅಳೆಯುವ ಟೈಮಿಂಗ್ ಮೆಷಿನ್ ಇರುವ ರಿಪೇರಿಯವರಲ್ಲಿ ಬ್ಯಾಲೆನ್ಸಿನ ತೂಗಾಟ ಅಳೆಸಿ. ಪೂರ್ತಿ ಕೀ ಕೊಟ್ಟು ಮಲಗಿಸಿದಾಗ 270 ಡಿಗ್ರಿ ಆಸುಪಾಸು ಬಂದರೆ ಆರೋಗ್ಯ ಚೆನ್ನಾಗಿದೆ, 200ಕ್ಕಿಂತ ಕೆಳಗೆ ಬಂದರೆ ಸರ್ವಿಸ್ ಆಗಬೇಕು. ಆ ಖರ್ಚನ್ನು ಬೆಲೆಯಿಂದ ಕಳೆಯಬೇಕು.

ನಮ್ಮ ಊರಿನ ವಾಚಿಗೆ ದೊಡ್ಡ ಶತ್ರು ಆಟಿ ತಿಂಗಳ ಮಳೆ. ಚಿನ್ನಕ್ಕೆ ತುಕ್ಕಿಲ್ಲ, ಆದರೆ ಒಳಗಿನ ಕೀ ಕಡ್ಡಿ, ಅದರ ಸ್ಪ್ರಿಂಗ್, ಬೆಲ್ಟಿನ ಪಿನ್ ಎಲ್ಲ ಉಕ್ಕು. ಕೀ ತಿರುಪಿನ ಬುಡದಲ್ಲಿ ಕೆಂಪು ಹುಡಿ ಕಂಡರೆ ನೀರು ಹೊಕ್ಕಿದೆ ಎಂದರ್ಥ. ಆಗ ತಿರುಪನ್ನು ಬಲವಾಗಿ ಎಳೆಯಲೇ ಬೇಡಿ, ಕಡ್ಡಿ ಒಳಗೇ ತುಂಡಾಗುತ್ತದೆ.

ಡಯಲ್ಲಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಕಲೆ ಬಿದ್ದ ಹಳೆಯ ಡಯಲ್, ಹೊಸದಾಗಿ ಬಣ್ಣ ಹೊಡೆದ ಚಂದದ ಡಯಲ್ಲಿಗಿಂತ ಮೇಲು. ನಮ್ಮ ದೇಶದಲ್ಲಿ ಡಯಲ್ಲಿಗೆ ಮರುಬಣ್ಣ ಕೊಡುವ ಕೆಲಸ ತುಂಬಾ ನಡೆದಿದೆ. ಭೂತಗನ್ನಡಿ ಹಿಡಿದರೆ ಗೊತ್ತಾಗುತ್ತದೆ: ಅಕ್ಷರದ ಅಂಚು ಹರಡಿದೆ, ನಿಮಿಷದ ಗೆರೆ ಗಂಟೆಯ ಗುರುತಿಗೆ ಸರಿ ಕೂರುವುದಿಲ್ಲ, ಆರರ ಕೆಳಗಿನ ‘ಸ್ವಿಸ್ ಮೇಡ್’ ಮಾಯವಾಗಿದೆ ಅಥವಾ ವಾಲಿದೆ. ಸಂಗ್ರಹಕಾರರು ಇಂಥ ಡಯಲ್ ಕಂಡ ಕೂಡಲೇ ಬೆಲೆ ಬಹಳಷ್ಟು ಇಳಿಸುತ್ತಾರೆ. ಬಾಡಿಗೆ ಪಾಲಿಶ್ ಮಾಡಿಸುವುದೂ ಹಾಗೆಯೇ. ಪ್ರತಿ ಪಾಲಿಶ್‌ನಲ್ಲೂ ಲಗ್‌ನ ಅಂಚು ಉರುಟಾಗುತ್ತದೆ, ಮುದ್ರೆ ತೆಳುವಾಗುತ್ತದೆ, ಚಿನ್ನವೂ ಹೋಗುತ್ತದೆ. ಬೆಲೆ ಕಟ್ಟಿಸುವ ಮೊದಲು ಒಣಗಿದ ಹತ್ತಿ ಬಟ್ಟೆಯಿಂದ ಒರೆಸಿದರೆ ಬೇಕಾದಷ್ಟಾಯಿತು.

ಒಂದು ಎಚ್ಚರಿಕೆ. ಕತ್ತಲೆಯಲ್ಲಿ ಹೊಳೆಯಲೆಂದು ಮುಳ್ಳು ಮತ್ತು ಅಂಕಿಗಳಿಗೆ 1960ರ ದಶಕದವರೆಗೆ ರೇಡಿಯಂ ಹಚ್ಚುತ್ತಿದ್ದರು. ಈಗ ಹೊಳೆಯದಿದ್ದರೂ ರೇಡಿಯಂ ಹಾಗೆಯೇ ಉಳಿದಿದೆ. ಅರ್ಧಕ್ಕೆ ಇಳಿಯಲು ಅದಕ್ಕೆ 1600 ವರ್ಷ ಬೇಕು. ಆ ಕಂದು ಹುಡಿಯನ್ನು ಕೆರೆಯಬಾರದು, ಊದಬಾರದು, ಮಕ್ಕಳ ಕೈಗೆ ಬಿಚ್ಚಿದ ವಾಚು ಕೊಡಬಾರದು.

ಇಷ್ಟಾದ ಮೇಲೆ ಬೆಲೆ. ಚಿನ್ನದ ಬೆಲೆ ಬೇರೆ, ಸಂಗ್ರಹಕಾರ ಕೊಡುವ ಬೆಲೆ ಬೇರೆ, ವಿಮೆಗೆ ಬರೆಯುವ ಬೆಲೆ ಇನ್ನೂ ಬೇರೆ. ವ್ಯಾಪಾರಿ ತನ್ನ ಲಾಭ ಇಟ್ಟುಕೊಂಡೇ ಕೊಳ್ಳುತ್ತಾನೆ. ಪಟೇಕ್ ಫಿಲಿಪ್, ವಶೆರೋನ್ ಕಾನ್‌ಸ್ಟಂಟಿನ್, ರೋಲೆಕ್ಸ್, ಒಮೆಗಾ, ಲಾಂಜೀನ್ ಇಂಥ ಹೆಸರಿದ್ದು ಡಯಲ್ ಹಳೆಯದೇ ಆಗಿದ್ದರೆ ತೂಕದ ಬೆಲೆಗೆ ಕೊಡಲೇಬೇಡಿ. ಹಳೆಯ ವಾಚುಗಳನ್ನೇ ಬಲ್ಲ ಇಬ್ಬರಿಗಾದರೂ ತೋರಿಸಿ, ಮಾರಾಟವಾದ ಬೆಲೆ ಕೇಳಿ, ಕೇಳಿಕೆಯ ಬೆಲೆಯನ್ನಲ್ಲ. ಹೆಂಗಸರ ಚಿಕ್ಕ ಚಿನ್ನದ ವಾಚಿನ ಸಂಗತಿ ಬಹುಮಟ್ಟಿಗೆ ತಿರುವುಮುರುವು. ಅದಕ್ಕೆ ಸಂಗ್ರಹಕಾರರು ಕಡಿಮೆ, ಚೈನು ಚಿನ್ನದ್ದಾಗಿದ್ದರೆ ತೂಕವೇ ಬೆಲೆ. ಚೈನಿನ ಮುದ್ರೆಯನ್ನು ಬೇರೆಯಾಗಿ ನೋಡಿ, ಬಾಡಿ ಒಂದು ಕ್ಯಾರೆಟ್, ಚೈನು ಇನ್ನೊಂದು ಇರಬಹುದು.

ಪಾಲುಪಟ್ಟಿಯಲ್ಲಿ ‘ಚಿನ್ನದ ವಾಚು ಒಂದು’ ಎಂದು ಬರೆಯುವ ಬದಲು ಕಂಪೆನಿಯ ಹೆಸರು, ಮೆಷಿನ್ ನಂಬರ್, ಮುದ್ರೆಯ ಅಂಕಿ, ಬರಿಯ ಬಾಡಿಯ ತೂಕ, ತೆಗೆದ ಫೋಟೋಗಳ ತಾರೀಕು ಬರೆಯಿರಿ. ಹಳೆಯ ರಶೀದಿ, ಡಬ್ಬಿ, ಅಜ್ಜ ವಾಚು ಕಟ್ಟಿಕೊಂಡಿರುವ ಫೋಟೋ ಸಿಕ್ಕಿದರೆ ಅವನ್ನು ವಾಚಿನ ಜೊತೆಗೇ ಒಬ್ಬರ ಪಾಲಿಗೆ ಕೊಡಿ. ಬೇರೆಬೇರೆಯಾದರೆ ಎರಡರ ಬೆಲೆಯೂ ಇಳಿಯುತ್ತದೆ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ, ಚರ್ಮದ ಬೆಲ್ಟು ಬಿಚ್ಚಿ ಬೇರೆ ಇಡಿ. ಬೂಸು ಹಿಡಿಯುವುದು ಮೊದಲು ಅದಕ್ಕೆ.

ನಮಸ್ಕಾರ.