ಅಪ್ಪನ ಫೈಲಿನಲ್ಲಿ ಇಲ್ಲದ ಹಾಳೆ

ನಮಸ್ಕಾರ. ನಮ್ಮ ಮನೆಯ ಬೀರುವಿನಲ್ಲಿ ಎರಡು ದಾಖಲೆಗಳು ಅಕ್ಕಪಕ್ಕದಲ್ಲಿವೆ. ಒಂದು, ಅಕ್ಕನ ಮಗುವಿನ ತಾಯಿ ಕಾರ್ಡ್. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಯ ಸಾಲಿನಲ್ಲಿ ಆರನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು, ಮೂರೂ ದಿನಾಂಕ ತುಂಬಿವೆ. ಒಮ್ಮೆ ತಡವಾದಾಗ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೇ ಬಂದು ಕರೆದಿದ್ದರು. ಇನ್ನೊಂದು, ಅಪ್ಪನ ಪ್ಲಾಸ್ಟಿಕ್ ಫೈಲು. ಹದಿನಾಲ್ಕು ವರ್ಷಗಳ ಸಕ್ಕರೆ ಕಾಯಿಲೆಯ ವರದಿ, ಇಸಿಜಿ, ಮಾತ್ರೆ ಚೀಟಿ ಎಲ್ಲವೂ ಅದರಲ್ಲಿದ್ದವು. ಲಸಿಕೆಯ ಬಗ್ಗೆ ಮಾತ್ರ ಒಂದಕ್ಷರವೂ ಇರಲಿಲ್ಲ.

ಎರಡು ವರ್ಷಗಳ ಹಿಂದೆ, ಆಗಸ್ಟ್ ಮಳೆಯಲ್ಲಿ ಅಪ್ಪನಿಗೆ ಜ್ವರ ಬಂತು. ಮೆಣಸಿನ ಕಷಾಯ ಕೊಟ್ಟೆವು. ನಾಲ್ಕನೆಯ ದಿನ ಜ್ವರ ಇಳಿಯಿತು, ಅನ್ನ ಸಾರು ಕೇಳಿ ಉಂಡರು. ಏಳನೆಯ ದಿನ ಮತ್ತೆ ಮೈ ಸುಡತೊಡಗಿತು. ಎರಡು ಮಾತಿಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಒಂಬತ್ತು ದಿನ ತೀವ್ರ ನಿಗಾ ಘಟಕದಲ್ಲಿದ್ದು ಮನೆಗೆ ಬಂದರು. ಹೊರಡುವ ದಿನ ಅಲ್ಲಿನ ಕಿರಿಯ ವೈದ್ಯೆ ಕೇಳಿದರು: "ಇವರಿಗೆ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಹಾಕಿಸಿಲ್ಲವೇ?" ಹದಿನಾಲ್ಕು ವರ್ಷಗಳಲ್ಲಿ ಆ ಪ್ರಶ್ನೆಯನ್ನು ನಮಗೆ ಕೇಳಿದ ಮೊದಲಿಗರು ಅವರು.

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎನ್ನುತ್ತೇವೆ. ಆದರೆ ಫ್ಲೂ ನೆಗಡಿಯಲ್ಲ. ಇನ್‌ಫ್ಲುಯೆಂಜಾ ವೈರಾಣು ಶ್ವಾಸನಾಳದ ಒಳಪದರವನ್ನೇ ಕೆಡಿಸುತ್ತದೆ. ಮೂಗು, ಗಂಟಲಿನಲ್ಲಿ ಸುಮ್ಮನಿದ್ದ ನ್ಯುಮೊಕಾಕಸ್ ಬ್ಯಾಕ್ಟೀರಿಯಾಕ್ಕೆ ಆಗ ಶ್ವಾಸಕೋಶದ ದಾರಿ ತೆರೆದುಕೊಳ್ಳುತ್ತದೆ. ಇಳಿದ ಜ್ವರ ಮರಳಿ ಬರುವುದು ಎಷ್ಟೋ ಸಲ ಹೀಗೆಯೇ. 1918ರ ಮಹಾಮಾರಿಯಲ್ಲಿ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಫ್ಲೂ ಬೆನ್ನಿಗೇ ಬಂದ ಈ ಬಗೆಯ ನ್ಯುಮೋನಿಯಾ. ಹೃದಯಕ್ಕೂ ಇದು ಒಳ್ಳೆಯದಲ್ಲ: ಫ್ಲೂ ದೃಢಪಟ್ಟ ಮೊದಲ ವಾರದಲ್ಲಿ ಹೃದಯಾಘಾತದ ಅಪಾಯ ಸುಮಾರು ಆರು ಪಟ್ಟು ಏರುತ್ತದೆ ಎಂದು ಕೆನಡಾದ ಒಂಟಾರಿಯೊದಲ್ಲಿ ನಡೆದ ಅಧ್ಯಯನ 2018ರಲ್ಲಿ ತೋರಿಸಿತು. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಎಚ್‌3ಎನ್‌2 ಎಂಬ ಬಗೆಯ ಫ್ಲೂ ಸೋಂಕಿನಿಂದ ತೀರಿಕೊಂಡ ವೃದ್ಧರಿಗೂ ಮಧುಮೇಹ, ಅಧಿಕ ರಕ್ತದೊತ್ತಡ ಎರಡೂ ಇದ್ದವು.

ಹಾಗಾದರೆ ಫ್ಲೂ, ನ್ಯುಮೋನಿಯಾ ಲಸಿಕೆಗಳನ್ನು ಯಾರು ಹಾಕಿಸಿಕೊಳ್ಳಬೇಕು? ಅರವತ್ತೈದು ದಾಟಿದವರು ಎರಡನ್ನೂ ಹಾಕಿಸಿಕೊಳ್ಳಬೇಕು, ಅದರಲ್ಲಿ ಚರ್ಚೆಯೇ ಬೇಡ. ಆದರೆ ನಾನು ಒತ್ತಿ ಹೇಳುವುದು ವಯಸ್ಸಿನ ಬಗ್ಗೆಯಲ್ಲ. ನಲವತ್ತೈದಕ್ಕೇ ಸಕ್ಕರೆ ಕಾಯಿಲೆ, ಹೃದ್ರೋಗ, ಉಬ್ಬಸ ಅಥವಾ ಮೂತ್ರಪಿಂಡದ ತೊಂದರೆ ಇರುವವರು ನಮ್ಮ ಬೀದಿ ಬೀದಿಯಲ್ಲಿದ್ದಾರೆ. ಬೀಡಿ, ಸಿಗರೇಟು ಬಿಡದವರಿದ್ದಾರೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿದ್ದಾರೆ. ಇವರೆಲ್ಲರಿಗೂ ಎರಡೂ ಬೇಕು. ಗರ್ಭಿಣಿಯರು ಫ್ಲೂ ಲಸಿಕೆಯನ್ನು ಯಾವ ತಿಂಗಳಿನಲ್ಲಾದರೂ ಪಡೆಯಬಹುದು. ಆರು ತಿಂಗಳೊಳಗಿನ ಕೂಸಿಗೆ ಆ ಲಸಿಕೆ ಕೊಡುವಂತಿಲ್ಲ, ಅದಕ್ಕಿರುವುದು ತಾಯಿಯಿಂದ ಬಂದ ರಕ್ಷಣೆ ಮಾತ್ರ. ಆಸ್ಪತ್ರೆಯಲ್ಲಿ ದುಡಿಯುವವರಂತೂ ಪ್ರತಿ ವರ್ಷ ಹಾಕಿಸಿಕೊಳ್ಳಲೇಬೇಕು.

ಚುಚ್ಚಿಸಿಕೊಂಡರೆ ಫ್ಲೂ ಬರುವುದೇ ಇಲ್ಲ ಎಂದು ನಾನು ಹೇಳಲಾರೆ. ವೈರಾಣು ವೇಷ ಬದಲಿಸುತ್ತಲೇ ಇರುತ್ತದೆ, ಅದಕ್ಕಾಗಿಯೇ ಲಸಿಕೆ ಪ್ರತಿ ವರ್ಷ ಹೊಸದು. ಲಸಿಕೆಗೂ ಹರಡುತ್ತಿರುವ ವೈರಾಣುವಿಗೂ ಹೊಂದಾಣಿಕೆ ಚೆನ್ನಾಗಿದ್ದ ವರ್ಷದಲ್ಲೂ ಅದು ವೈದ್ಯರ ಬಳಿ ಹೋಗಬೇಕಾಗುವ ಅಪಾಯವನ್ನು ತಗ್ಗಿಸುವುದು ಶೇಕಡಾ 40ರಿಂದ 60ರಷ್ಟು. ನ್ಯುಮೋನಿಯಾ ಲಸಿಕೆಯೂ ಎಲ್ಲ ನ್ಯುಮೋನಿಯಾವನ್ನು ತಡೆಯದು, ನ್ಯುಮೊಕಾಕಸ್‌ನ ಮುಖ್ಯ ಬಗೆಗಳನ್ನು ತಡೆಯುತ್ತದೆ. ಅಪ್ಪನ ಆ ಒಂಬತ್ತು ದಿನಗಳನ್ನು ಕಂಡ ಮೇಲೆ, ಅಪಾಯ ಅರ್ಧಕ್ಕಿಳಿದರೂ ನನಗೆ ಅದು ದೊಡ್ಡದೇ. ಇನ್ನು "ಲಸಿಕೆಯಿಂದಲೇ ಜ್ವರ ಬಂತು" ಎಂಬ ಮಾತು: ಇಲ್ಲಿ ಹಾಕುವ ಫ್ಲೂ ಚುಚ್ಚುಮದ್ದಿನಲ್ಲಿ ಜೀವಂತ ವೈರಾಣು ಇಲ್ಲ. ಒಂದೆರಡು ದಿನ ತೋಳು ನೋಯಬಹುದು, ಮೈ ಸ್ವಲ್ಪ ಬಿಸಿಯಾಗಬಹುದು. ಹಿಂದೆ ಯಾವುದಾದರೂ ಲಸಿಕೆಗೆ ತೀವ್ರ ಅಲರ್ಜಿ ಆಗಿದ್ದವರು ವೈದ್ಯರಿಗೆ ಮೊದಲೇ ತಿಳಿಸಬೇಕು.

ನನ್ನ ದೂರು ಇರುವುದು ವ್ಯವಸ್ಥೆಯ ಮೇಲೆ. ಮಕ್ಕಳ ಪಿಸಿವಿ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ದೇಶವಿಡೀ ಉಚಿತವಾಯಿತು. ಅದು ದೊಡ್ಡ ಸಾಧನೆ. ಅದೇ ಮನೆಯ ಅಜ್ಜನಿಗೆ ಮಾತ್ರ ಖಾಸಗಿಯಲ್ಲಿ ಹಲವು ಸಾವಿರ ರೂಪಾಯಿ ಕೊಟ್ಟರಷ್ಟೇ ಲಸಿಕೆ. ಕೂಲಿ ಮಾಡಿ ಬದುಕುವವರು ಎಲ್ಲಿಂದ ತರಬೇಕು? ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದು ಬಿಪಿ, ಸಕ್ಕರೆ ನೋಡುತ್ತಾರೆ. ಅಂದರೆ ಯಾರಿಗೆ ಲಸಿಕೆ ಬೇಕೆಂಬ ಪಟ್ಟಿ ಅವರ ಕೈಯಲ್ಲೇ ತಯಾರಾಗುತ್ತಿದೆ. ಆ ಪಟ್ಟಿಯಲ್ಲಿರುವ ಬಡವರಿಗಾದರೂ ಸರ್ಕಾರ ಎರಡೂ ಲಸಿಕೆಯನ್ನು ಉಚಿತವಾಗಿ ಕೊಡಲಿ.

ಅಲ್ಲಿಯವರೆಗೆ, ಕೈಯಲ್ಲಿ ಆಗುವವರು ಮುಂಗಾರಿಗೆ ಮೊದಲೇ, ಏಪ್ರಿಲ್ ಮೇ ತಿಂಗಳಲ್ಲೇ ಹಿರಿಯರನ್ನು ಕರೆದುಕೊಂಡು ಹೋಗಿ. ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ಫ್ಲೂ ಲಸಿಕೆ ಆ ವರ್ಷದ ಹೊಸದೇ ಎಂದು ಕೇಳಿ. ಅಪ್ಪನ ಫೈಲಿನ ಮೊದಲ ಹಾಳೆಯಲ್ಲಿ ಈಗ ಅಮ್ಮನ ಕೈಬರಹದಲ್ಲಿ ಎರಡು ದಿನಾಂಕಗಳಿವೆ. ಅದರ ಕೆಳಗೆ ಮುಂದಿನ ವರ್ಷದ ಫ್ಲೂ ಲಸಿಕೆಗೆಂದು ಅವರೇ ಗೆರೆ ಎಳೆದು ಜಾಗ ಬಿಟ್ಟಿದ್ದಾರೆ.